ಮೆದುಳಿಗೆ ಪೆಟ್ಟಾದ ದೊಡ್ಡವರಿಗೆ ಮನಿಯಂಥ ಮನಿ: ನಮ್ಮ ಕಡಿ ಆಗ್ತದೇನ್ರಿ?

ಆಳಂದ ರಸ್ತೆ ಅಕ್ಕ:

ಎಲ್ಲರಿಗೂ ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿ ಕಡಿಯವರು ಇದ್ದರ ದಯಮಾಡಿ ಉತ್ತರ ಕೊಡ್ರಿ.

ನನ್ನ ತಮ್ಮಗ ಈಗ 34. ಹುಮನಾಬಾದ್ ರಸ್ತೆದಾಗ ಬೈಕ್ ಅಪಘಾತ ಆಗಿ ತಲಿಗೆ ಪೆಟ್ಟು ಬಿತ್ತು. ಸೊಲ್ಲಾಪುರಕ್ಕ ಒಯ್ದಿವಿ. ತಲಿಬುರುಡಿ ಎಲುಬು ತಗದು ಹೊಟ್ಟಿಯೊಳಗ ಇಟ್ಟು, ಬಾವು ಇಳಿದ ಮ್ಯಾಲ ಹೊಳ್ಳಿ ಕೂಡಿಸಿದ್ರು. ಜೀವ ಉಳೀತು. ಈಗ ನಡೀತಾನ, ಉಣ್ತಾನ, ಮಾತಾಡ್ತಾನ. ಬಂದ ಮಂದಿ "ಚಲೋ ಆಗ್ಯಾನಲ್ಲ" ಅಂತ ಹೇಳಿ ಚಾ ಕುಡದು ಹೋಗ್ತಾರ. ಆದ್ರ ಮುಂಜಾನಿ ಹೇಳಿದ್ದು ಮಧ್ಯಾಹ್ನಕ್ಕ ನೆನಪಿರಲ್ಲ. ಜಳಕ ಮಾಡು ಅಂತ ಎಬ್ಬಿಸದಿದ್ರ ದಿನವೆಲ್ಲ ಹಾಸಿಗಿ ಮ್ಯಾಲೇ ಕುಂತಿರ್ತಾನ. ಸಿಟ್ಟು ಬಂತಂದ್ರ ಅವ್ವನ ಮ್ಯಾಲ ಕೈ ಎತ್ತತಾನ, ಸ್ವಲ್ಪ ಹೊತ್ತಿಗೆ ಅದೂ ಮರೀತಾನ. ಗ್ಯಾಸ್ ಹಚ್ಚಿ ಬಿಟ್ಟು ಹೊರಗ ಹೋಗ್ತಾನ. ಅವ್ವಗ 66, ಸಕ್ಕರಿ ಕಾಯಿಲಿ, ಮೊಣಕಾಲು ನೋವು. ನಾನು ಶಾಲಿ ನೌಕರಿ ಮಾಡಿಕೊಂಡು ಗಂಡನ ಮನಿಯಾಗ ಇರೋಕಿ.

ವೃದ್ಧಾಶ್ರಮದಾಗ ಕೇಳಿದ್ರ ವಯಸ್ಸು ಸಣ್ಣದು ಅಂದ್ರು. ಬುದ್ಧಿಮಾಂದ್ಯ ಮಕ್ಕಳ ಶಾಲಿಯವರು ವಯಸ್ಸು ದೊಡ್ಡದು ಅಂದ್ರು. ಮಾನಸಿಕ ಕೇಂದ್ರದವರು "ಇದು ನರದ್ದು, ನಮ್ಮದಲ್ಲ" ಅಂದ್ರು. ನರದ ಡಾಕ್ಟ್ರು "ನಮ್ಮ ಕೆಲಸ ಮುಗೀತು, ಮನಿಗೆ ಕರ್ಕೊಂಡು ಹೋಗ್ರಿ" ಅಂದ್ರು.

ನನಗ ದೊಡ್ಡ ಆಶ್ರಮ ಬ್ಯಾಡ. ನಾಕೈದು ಮಂದಿ ಇರೋ ಒಂದು ಮನಿ. ಒಳ್ಳೆ ಗಂಡ ಹೆಂಡತಿ ಅಲ್ಲೇ ಇದ್ದು, ರೊಟ್ಟಿ ಬಡದು, ಎಲ್ಲರ ಕೂಡ ಕುಂತು ಉಣ್ಣೋವಂಥಾದ್ದು. ಇಂಥದು ಎಲ್ಲಿಯಾದ್ರೂ ಅದನೇನ್ರಿ? ಇಲ್ಲಂದ್ರ ಮಾಡ್ಲಾಕ ಬರ್ತದೇನ್ರಿ?

ಬೀದರ್ ಸಿಸ್ಟರ್:

ಅಕ್ಕಾ, ನಾನು ಸರ್ಜಿಕಲ್ ವಾರ್ಡಿನಾಗ ಭಾಳ ವರ್ಷ ದುಡಿದಾಕಿ, ಈಗ ರಿಟೈರ್ ಆಗೀನಿ. ನೀವು ಬರೆದದ್ದು ಒಂದೊಂದೂ ಮೆದುಳಿನ ಮುಂದಿನ ಭಾಗಕ್ಕ ಪೆಟ್ಟಾದವರಲ್ಲಿ ಕಾಣೋದು. ಹಣಿ ಹಿಂದಿನ ಆ ಭಾಗವೇ ಕೆಲಸ ಶುರು ಮಾಡಿಸ್ತದ, ಸಿಟ್ಟು ತಡೀತದ, "ಹಿಂಗ ಮಾಡಿದ್ರ ಮುಂದೇನು" ಅಂತ ಅಳೀತದ. ಅಲ್ಲಿ ಪೆಟ್ಟಾದ್ರ ಮನುಷ್ಯ ನೋಡವರಿಗೆ ಸೋಮಾರಿ ಅನಿಸ್ತಾನ, ಸೊಕ್ಕಿನವ ಅನಿಸ್ತಾನ. ಜಳಕ ಮಾಡಬೇಕು ಅನ್ನೋದು ನಿಮ್ಮ ತಮ್ಮಗ ಗೊತ್ತೇ ಅದ. ಎದ್ದು ಶುರು ಮಾಡೋದು ಆಗ್ತಿಲ್ಲ. ಇನ್ನೂ ಒಂದು, ತನಗ ಏನು ಕಮ್ಮಿ ಆಗ್ಯದ ಅನ್ನೋದೇ ಭಾಳ ಮಂದಿಗೆ ತಿಳಿಯಲ್ಲ. ಅದು ಹಠ ಅಲ್ರಿ, ತಿಳಿಯೋ ಜಾಗಕ್ಕೇ ಪೆಟ್ಟು ಬಿದ್ದಿರ್ತದ.

ಫಿಟ್ಸ್ (ಮೂರ್ಛೆ) ಬರದಂಗ ಗುಳಿಗಿ ಕೊಡ್ತಿದ್ರ ಅದು ಯಾವುದು? ಲೆವೆಟಿರಾಸಿಟಾಮ್ ಆಗಿದ್ರ ಡಾಕ್ಟರ ಬಲ್ಲಿ ಸಿಟ್ಟಿನ ಮಾತು ತಪ್ಪದೇ ಹೇಳ್ರಿ. ಆ ಗುಳಿಗಿಯಿಂದ ಕೆಲವರಿಗೆ ಸಿಡುಕು ಹೆಚ್ಚಾಗ್ತದ, ಬದಲಿ ಔಷಧ ಅವ. ಆದ್ರ ನೀವೇ ನಿಲ್ಲಿಸಬ್ಯಾಡ್ರಿ. ಒಮ್ಮಿಗಲೇ ನಿಲ್ಲಿಸಿದ್ರ ಫಿಟ್ಸ್ ಜೋರಾಗಿ ಬರ್ತಾವ.

ಸುಧಾರಣಿ ಮೊದಲ ಆರು ತಿಂಗಳು ಜೋರು ಕಾಣ್ತದ, ಆಮ್ಯಾಲ ನಿಧಾನ. ನಿಧಾನ ಅಂದ್ರ ನಿಂತೋಯ್ತು ಅಂತಲ್ಲ. ದಿನಾ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಿಸಿದ್ರ ವರ್ಷಗಳಾದ ಮ್ಯಾಲೂ ಹೊಸದು ರೂಢಿ ಆಗ್ತದ. ನೀವು ಕೇಳೋ ಮನಿ ಅದಕ್ಕೇ ಬೇಕು. ವಾರ್ಡಿನಾಗ ಇದು ಆಗಲ್ಲ, ಒಬ್ಬ ಮುದುಕಿ ಕೈಲೂ ಆಗಲ್ಲ.

ಚಿಂಚೋಳಿ ಕಾಕಾ:

ತಂಗೆಮ್ಮ, ನೋವು ತಿಳೀತದ. ಆದ್ರ ನನ್ನ ಮಾತು ಹೇಳ್ತೀನಿ. ಹೆತ್ತ ಮನಿ ಇರಬೇಕಾದ್ರ ಮತ್ತೊಂದು ಮನಿ ಯಾಕ? ನಮ್ಮದು ಶರಣರ ನಾಡು, ದಾಸೋಹದ ನಾಡು. ದಾರಿಹೋಕರಿಗೆ ಊಟಕ್ಕಿಟ್ಟ ಮಂದಿ ನಮ್ಮವರು. ಸ್ವಂತ ಮಗನ್ನ ರೊಕ್ಕ ಕೊಟ್ಟು ಬ್ಯಾರೆಯವರ ಕೈಗೆ ಒಪ್ಪಿಸೋದು ನನಗ ಸರಿ ಕಾಣಲ್ಲ. ಪಟ್ಟಣದಾಗ ಇಂಥವು ಶುರುವಾದ್ರ ನಾಳೆ ಎಲ್ಲರೂ ತಮ್ಮ ತಮ್ಮ ಭಾರ ಅಲ್ಲಿ ಇಳಿಸಿ ಬರ್ತಾರ. ಅಣ್ಣ ತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪಂದಿರು ಕೂಡಿ ಸರದಿ ಹಚ್ಚಿ ನೋಡಿಕೊಳ್ಳಬೇಕು.

ಸುರಪುರದಾಕಿ:

ಕಾಕಾ, ನೀವು ಹಿರಿಯರು, ಸಿಟ್ಟಾಗಬ್ಯಾಡ್ರಿ. ಕುಟುಂಬ ನೋಡಿಕೊಳ್ತದ ಅಂತೀರಲ್ಲ, ಕುಟುಂಬದಾಗ ಯಾರು ನೋಡಿಕೊಳ್ತಾರ ಅನ್ನೋದು ಹೇಳ್ರಿ. ಸರದಿ ಅಂತ ನಮ್ಮನ್ಯಾಗೂ ಮಾತಾಗಿತ್ತು. ಮೈದುನರು ಸುಗ್ಗಿ ಅಂದ್ರು, ಆಮ್ಯಾಲ ಪುಣೆಗೆ ದುಡೀಲಾಕ ಹೋದ್ರು. ಉಳಿದಾಕಿ ನಾನೊಬ್ಬಾಕಿ. ನನ್ನ ಗಂಡ ಗೌಂಡಿ ಕೆಲಸ ಮಾಡ್ತಿದ್ದ, ಎರಡನೇ ಮಜಲಿನಿಂದ ಬಿದ್ದ. ಅವನಿಗೆ ಮೈ ತೊಳಿಯೋಕಿ ನಾನು, ಉಣಿಸೋಕಿ ನಾನು, ಬೈಸಿಕೊಳ್ಳೋಕಿ ನಾನು, ಹೊಲದ ಕೂಲಿಗೆ ಹೋಗೋಕಿನೂ ನಾನು. ನಾನು ಕೂಲಿಗೆ ಹೋದಾಗ ಅವನ್ನ ಖೋಲಿದಾಗ ಹಾಕಿ ಹೊರಗಿನಿಂದ ಕೊಂಡಿ ಹಾಕ್ತೀನಿ. ಮನಿ ಅಂತ ನೀವು ಹೇಳೋದು ಇದಕ್ಕೇನ್ರಿ ಕಾಕಾ?

ನನಗ ಅವನ್ನ ಬಿಡಬೇಕಂತ ಇಲ್ಲ. ವಾರಕ್ಕ ಎರಡು ಸಲ ಹೋಗಿ ಕೂಡ ಕುಂತು ಮಾತಾಡಬೇಕು, ಸಂತಿಗೆ ಕರ್ಕೊಂಡು ಹೋಗಬೇಕು, ಹಬ್ಬಕ್ಕ ಮನಿಗೆ ಕರಿಬೇಕು. ಹೆಂಡತಿಯಾಗಿ ಇರ್ಲಾಕ ಬಿಡ್ರಿ ಅಂತ ಕೇಳ್ತೀನಿ. ಈಗ ನಾನು ಕಾವಲುಗಾರತಿ ಆಗೀನಿ, ಅಷ್ಟೇ.

ರೋಜಾ ಬಡಾವಣೆ ಭಾಯ್:

ಬಹಿನ್, ನಿಮ್ಮ ಮಾತು ಓದಿ ಮನಸ್ಸು ಭಾರ ಆಯ್ತು. ನಮ್ಮ ದೊಡ್ಡಣ್ಣನ ಕಥಿನೂ ಹತ್ರಹತ್ರ ಇದೇ. ಒಂದು ಎಚ್ಚರಿಕಿ ಹೇಳ್ಬೇಕು. ಅಮ್ಮಿ ತೀರಿಹೋದ ಮ್ಯಾಲ ನಾವು ಅಣ್ಣನ್ನ ದೂರದ ಒಂದು ಊರಿನ "ಪುನರ್ವಸತಿ ಕೇಂದ್ರ"ಕ್ಕ ಸೇರಿಸಿದ್ವಿ. ಬೋರ್ಡ್ ಚಲೋ ಇತ್ತು, ಫೋಟೋ ಚಲೋ ಇದ್ವು. ಮುಂಗಡ ರೊಕ್ಕ ತಗೊಂಡು "ಮೂರು ತಿಂಗಳು ಭೇಟಿ ಇಲ್ಲ, ಹೊಂದಿಕೊಳ್ಳಬೇಕು" ಅಂದ್ರು. ಹೇಳದೇ ಹೋಗಿ ನೋಡಿದಾಗ ದೊಡ್ಡ ಹಾಲಿನಾಗ ಕುಡಿತ ಬಿಡಿಸಲಾಕ ಬಂದವರು, ಮುದುಕರು, ನಮ್ಮ ಅಣ್ಣ ಎಲ್ಲಾ ಒಂದೇ ಕಡಿ. ಅವನ ಕಾಲಿಗೆ ಹಗ್ಗದ ಗುರುತು ಇತ್ತು. ಅವತ್ತೇ ಕರ್ಕೊಂಡು ಬಂದ್ವಿ.

ಆದ್ದರಿಂದ ಯಾರೇ ಮನಿ ಮಾಡ್ಲಿ, ಮೊದಲನೇ ನಿಯಮ ಇದಾಗ್ಲಿ: ಮನಿಯವರು ಯಾವ ಹೊತ್ತಿಗಾದ್ರೂ ಬಾಗಿಲು ಬಡಿಬಹುದು. ಭೇಟಿಗೆ ಬಾಗಿಲು ಹಾಕೋ ಜಾಗಕ್ಕ ಯಾರನ್ನೂ ಸೇರಿಸಬ್ಯಾಡ್ರಿ.

ಕೋರ್ಟ್ ರಸ್ತೆ ವಕೀಲ:

ಭಾಯ್ ಹೇಳಿದ ಕಟ್ಟಿಹಾಕುವ ವಿಷಯ ಕಾನೂನಿನಲ್ಲೂ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಈಗ ಅಕ್ಕನವರ ಪ್ರಶ್ನೆ. ನಿಮ್ಮನ್ನು ಎಲ್ಲರೂ ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದಕ್ಕೆ ಕಾರಣ ಕಾಯ್ದೆಗಳಲ್ಲೇ ಸಿಗುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅಪಘಾತದಿಂದಾದ ಮೆದುಳಿನ ಗಾಯಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲ. ಕೈಕಾಲು ಬಿದ್ದಿದ್ದರೆ ಚಲನ ವೈಕಲ್ಯದ ಅಡಿ ಪ್ರಮಾಣಪತ್ರ ಸಿಗುತ್ತದೆ. ಕೈಕಾಲು ಸರಿಯಿದ್ದು ನೆನಪು, ಸಿಟ್ಟು, ವಿವೇಚನೆ ಕೆಟ್ಟವರು ನಡುವೆ ಸಿಕ್ಕಿಕೊಳ್ಳುತ್ತಾರೆ. ವಯಸ್ಕರಿಗೆ ಜೀವಮಾನವಿಡೀ ಇರಲು ಮನೆ ಕೊಡುವ ಕೇಂದ್ರ ಸರ್ಕಾರದ ಘರೌಂದಾ ಯೋಜನೆ ಇದೆ. ಆದರೆ ಅದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಕೆಳಗೆ ಬರುತ್ತದೆ. ಆ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಈ ನಾಲ್ಕಕ್ಕೆ ಮಾತ್ರ.

ಒಂದು ದಾರಿ ಇದೆ. 2017ರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಎಂದರೆ ಏನು ಎಂದು ಹೇಳುವಾಗ ಯೋಚನೆ, ಮನಃಸ್ಥಿತಿಯ ಜೊತೆ ನೆನಪಿನ ತೀವ್ರ ದೋಷವನ್ನೂ ಸೇರಿಸಿದ್ದಾರೆ. ವಿವೇಚನೆ, ನಡವಳಿಕೆ, ದಿನದ ಬದುಕಿನ ಸಾಮಾನ್ಯ ಅಗತ್ಯ ಪೂರೈಸುವ ಶಕ್ತಿ ಬಹಳವಾಗಿ ಕುಂದಿರಬೇಕು ಎನ್ನುತ್ತದೆ ಕಾಯ್ದೆ. ಅಕ್ಕನ ತಮ್ಮನ ಸ್ಥಿತಿ ಇದಕ್ಕೆ ಹೊಂದುತ್ತದೆ ಎಂದು ಮನೋವೈದ್ಯರು ಬರೆದುಕೊಟ್ಟರೆ 19ನೇ ಕಲಂ ಅನ್ವಯವಾಗುತ್ತದೆ. ಸಮಾಜದ ನಡುವೆ ಬದುಕುವುದು ಅವನ ಹಕ್ಕು, ಮನೆಯಲ್ಲಿ ಇರಲಾಗದವರಿಗೆ ಗುಂಪು ಮನೆಯಂಥ ವ್ಯವಸ್ಥೆ ಮಾಡುವುದು ಸರ್ಕಾರದ ಹೊಣೆ ಎನ್ನುವ ಕಲಂ ಅದು. "ನಮ್ಮದಲ್ಲ" ಎಂದ ಮಾನಸಿಕ ಕೇಂದ್ರಕ್ಕೆ ಇದನ್ನು ತೋರಿಸಿ.

ಅಪಘಾತದ ಪರಿಹಾರದ ಕೇಸ್ ಹಾಕಿದ್ದೀರಾ ಅಕ್ಕಾ?

ಆಳಂದ ರಸ್ತೆ ಅಕ್ಕ:

ಹಾಕೀವಿ ಸರ್. ಇನ್ನಾ ನಡದದ. ಇನ್ಶೂರೆನ್ಸ್‌ನವರು "ನಡೀತಾನಲ್ಲ, ಮಾತಾಡ್ತಾನಲ್ಲ" ಅಂತ ವಾದ ಮಾಡ್ಲಾಕತ್ತಾರ.

ಕೋರ್ಟ್ ರಸ್ತೆ ವಕೀಲ:

ಹಾಗಾದರೆ ಇದನ್ನು ನಿಮ್ಮ ವಕೀಲರಿಗೆ ತಿಳಿಸಿ. ಮೆದುಳಿಗೆ ತೀವ್ರ ಪೆಟ್ಟಾದ ಬಾಲಕಿಯೊಬ್ಬಳ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ನೋಡಿಕೊಳ್ಳುವವರ ಖರ್ಚನ್ನೂ ಆದಾಯ ನಷ್ಟದಂತೆ ಗುಣಕ ಪದ್ಧತಿಯಲ್ಲೇ (ವರ್ಷದ ಮೊತ್ತವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಿ) ಲೆಕ್ಕ ಹಾಕಬೇಕು ಎಂದಿದೆ. ತಿಂಗಳಿಗೆ 5,000 ರೂಪಾಯಿಯಂತೆ ಇಬ್ಬರು ಸಹಾಯಕರು, 12 ತಿಂಗಳು, ಗುಣಕ 18. ಆ ಒಂದು ಬಾಬತ್ತಿಗೇ 21,60,000 ರೂಪಾಯಿ ಕೊಟ್ಟರು. ವಯಸ್ಸು ಹೆಚ್ಚಾದಂತೆ ಗುಣಕ ಇಳಿಯುತ್ತದೆ, ಆದರೆ ತತ್ವ ನಿಮಗೂ ಅನ್ವಯಿಸುತ್ತದೆ. ನರರೋಗ ತಜ್ಞರ ಸರ್ಟಿಫಿಕೇಟ್ ಒಂದೇ ಸಾಲದು. ನೆನಪು, ನಡವಳಿಕೆಯ ಪರೀಕ್ಷೆಯನ್ನು ಮನಶ್ಶಾಸ್ತ್ರಜ್ಞರಿಂದ ಮಾಡಿಸಿ ಹಾಜರುಪಡಿಸಿ. ತಮ್ಮ ಒಬ್ಬನೇ ಇರಲಾರ ಎಂಬುದು ಕಾಗದದ ಮೇಲೆ ಬರಬೇಕು. ಈ ಹಣ ಬಂದರೆ ಅದು ಮನೆ ಕಟ್ಟಿಸಲಿಕ್ಕಲ್ಲ, ಅವನ ಆರೈಕೆಗೆ. ಬ್ಯಾಂಕಿನಲ್ಲಿಟ್ಟು ಬಡ್ಡಿ ತೆಗೆಯಿರಿ.

ಇದನ್ನು ಓದುತ್ತಿರುವ ಬೇರೆಯವರು ಗಮನಿಸಿ. 2022ರ ಏಪ್ರಿಲ್ ನಂತರದ ಅಪಘಾತಗಳಿಗೆ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕೆಂಬ ನಿಯಮ ಬಂದಿದೆ. ರೋಗಿ ಐಸಿಯುನಲ್ಲಿದ್ದಾಗ ಯಾರಿಗೂ ಇದು ನೆನಪಾಗುವುದಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೂ ಅಂಗವಿಕಲರಿಗೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಸುರಪುರದ ತಾಯಿಯವರೇ, ನಿಮ್ಮ ಪತಿಯದು ಕೆಲಸದ ಜಾಗದಲ್ಲಾದ ಅಪಘಾತ. ಅದಕ್ಕೆ ಕಾರ್ಮಿಕ ಪರಿಹಾರದ ಕಾನೂನು ಬೇರೆಯೇ ಇದೆ, ಯಾದಗಿರಿಯ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಎಂಎಸ್‌ಡಬ್ಲ್ಯು ವಿದ್ಯಾರ್ಥಿನಿ:

ಅಕ್ಕಾ, ನೀವು ಕೇಳುವಂಥ ಮನೆ ನಮ್ಮ ದೇಶದಲ್ಲೇ ಇದೆ, ಮಾನಸಿಕ ಕಾಯಿಲೆ ಇರುವವರಿಗೆ. ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆ 2015ರಲ್ಲಿ ಹೋಮ್ ಅಗೇನ್ ಎಂಬ ಕೆಲಸ ಶುರು ಮಾಡಿತು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಹೋದವರನ್ನು ನಾಲ್ಕೈದು ಜನರಂತೆ ಸಾಮಾನ್ಯ ಓಣಿಯ ಬಾಡಿಗೆ ಮನೆಗಳಲ್ಲಿ ಇಟ್ಟರು. ಜೊತೆಗೆ ಸಹಾಯಕಿ ಇರುತ್ತಾಳೆ. ಅಡುಗೆ, ಸಂತೆ, ಜಗಳ, ಟಿವಿ ಎಲ್ಲ ಅವರದೇ. ಹೊರಗೆ ಬೋರ್ಡ್ ಹಾಕಿ ಬೇರೆ ಮಾಡುವುದಿಲ್ಲ.

ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆ ಇನ್ನೊಂದು ರೀತಿ ಮಾಡುತ್ತದೆ. ನೋಡಿಕೊಳ್ಳುವವರ ಸ್ವಂತ ಮನೆಯಲ್ಲೇ ಸೈನಿಕ ಇರುತ್ತಾನೆ, ಒಂದು ಮನೆಯಲ್ಲಿ ಮೂವರಿಗಿಂತ ಹೆಚ್ಚು ಜನ ಇರುವಂತಿಲ್ಲ, ಇಲಾಖೆಯ ನರ್ಸ್ ಮತ್ತು ವೈದ್ಯರ ತಂಡ ಮನೆಗೇ ಬಂದು ನೋಡುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ಕಲಿಯಬೇಕಾದದ್ದು ಆ ಕೊನೆಯ ಮಾತು. ಪ್ರೀತಿಯ ಮನೆ ಸಾಕಾಗುವುದಿಲ್ಲ. ಹಿಂದೆ ಆಸ್ಪತ್ರೆ ನಿಂತಿರಬೇಕು.

ಅಫಜಲಪುರದಾವ:

ಬೆಲ್ಜಿಯಂ ದೇಶದಾಗ ಗೀಲ್ ಅಂತ ಊರದ. ನೂರಾರು ವರ್ಷದ ಹಿಂದ ಅಲ್ಲಿ ಸಂತ ಡಿಂಫ್ನಾಳ ಗುಡಿಗೆ ಬುದ್ಧಿ ಭ್ರಮಣಿ ಆದವರನ್ನ ಕರ್ಕೊಂಡು ಬರ್ತಿದ್ರು. ಗುಡಿಯಾಗ ಜಾಗ ಸಾಲದಾದಾಗ ಊರಿನ ಒಕ್ಕಲಿಗರು ತಮ್ಮ ಮನಿಯಾಗ ಇಟ್ಟುಕೊಂಡ್ರು. ಅದೇ ರೂಢಿ ಆಯ್ತು. 1930ರ ದಶಕದಾಗ ಹತ್ತಿರ ಹತ್ತಿರ 4,000 ಮಂದಿ ಹಿಂಗ ಊರ ಮನಿಗಳಾಗ ಇದ್ರು. ಇವತ್ತಿಗೂ ಕಮ್ಮಿ ಪ್ರಮಾಣದಾಗ ನಡದದ. ಅಪ್ಪ ಸತ್ತ ಮ್ಯಾಲ ಮಗ, ಮಗನ ಮ್ಯಾಲ ಮೊಮ್ಮಗ ಅದೇ ಮನುಷ್ಯನ್ನ ನೋಡಿಕೊಂಡ ಮನಿಗಳೂ ಅವ.

ಇದು ಯಾಕ ಹೇಳಿದೆ ಅಂದ್ರ, ನಮ್ಮ ಗಾಣಗಾಪುರ ನೋಡ್ರಿ. ದತ್ತನ ಸನ್ನಿಧಿಗೆ ಇಂಥ ಮಂದಿಯನ್ನ ಕರ್ಕೊಂಡು ಬಂದು ಮನಿಯವರು ಅಲ್ಲೇ ಖೋಲಿ ಹಿಡಿದು ಇರ್ತಾರ. ಮಧ್ಯಾಹ್ನ ಮಧುಕರಿ ಭಿಕ್ಷಾ ಬೇಡಿ ಉಣ್ತಾರ. ಚೀರಿದ್ರೂ, ಕುಣಿದ್ರೂ ಊರವರು ಹೆದರಂಗಿಲ್ಲ, ಕಲ್ಲು ಹೊಡಿಯಂಗಿಲ್ಲ. ಆ ತಾಳ್ಮಿ ನಮ್ಮ ಮಂದಿಗೆ ಹೊಸದಲ್ಲ. ಕಾಕಾ ದಾಸೋಹ ಅಂದ್ರಲ್ಲ, ಅದು ಸ್ವಂತ ಮನಿಯವರಿಗಷ್ಟೇ ಇದ್ದದ್ದಲ್ಲ. ಬ್ಯಾರೆಯವರ ಮಗನ್ನೂ ನಮ್ಮ ಪಂಕ್ತಿಯಾಗ ಕೂಡಿಸೋದೇ ದಾಸೋಹ.

ಬೀದರ್ ಸಿಸ್ಟರ್:

ಅಣ್ಣಾರ, ತಾಳ್ಮಿ ಮಾತು ಒಪ್ಪಿದೆ. ಆದ್ರ ಒಂದು ಸೇರಿಸ್ರಿ: ದೇವರಿಗೆ ಹೋಗ್ರಿ, ದರ್ಗಾಕ್ಕ ಹೋಗ್ರಿ, ಗುಳಿಗಿ ಚೀಲ ಕೂಡ ಒಯ್ರಿ. "ದೇವರ ಮ್ಯಾಲ ಭಾರ ಹಾಕೀವಿ" ಅಂತ ಫಿಟ್ಸ್ ಗುಳಿಗಿ ಬಿಟ್ಟು ವಾರ್ಡಿಗೆ ಹೊಳ್ಳಿ ಬಂದವರನ್ನ ಭಾಳ ನೋಡೀನಿ.

ಶಹಾಬಾದ್ ಹುಡುಗ:

ನಾನು ಬರಿಬಹುದಾ. ನನಗೇ ಪೆಟ್ಟಾಗಿದ್ದು. ಬರಿಲಾಕ ಟೈಮ್ ಹಿಡೀತದ. ತಪ್ಪಿದ್ರ ತಿದ್ದಿಕೊಂಡು ಓದ್ರಿ.

ಎಲ್ಲರೂ ನಮ್ಮ ಬಗ್ಗೆ ಬರದೀರಿ. ಚಲೋ ಬರದೀರಿ. ನಮ್ಮನ್ನೂ ಕೇಳ್ರಿ.

ನನಗ ಗದ್ದಲ ಆಗಲ್ಲ. ಟಿವಿ, ಮಿಕ್ಸರ್, ಇಬ್ಬರು ಮಾತಾಡೋದು, ಎಲ್ಲಾ ಕೂಡಿದ್ರ ತಲಿ ಒಳಗ ಬಿಸಿ ಆಗ್ತದ. ಆಗ ಚೀರ್ತೀನಿ. ಮಂದಿ ಕುಡದಾನ ಅಂತಾರ. ಕಾಲು ಒಂದು ಕಡಿ ಎಳೀತದ ಅದಕ್ಕೂ ಕುಡದಾನ ಅಂತಾರ. ಬಸ್‌ನಾಗ ಕಂಡಕ್ಟರ್ ಇಳಿಸಿದ್ದ.

ನನಗ ಮನಿ ಬೇಕಂದ್ರ ನನಗೊಂದು ಕೆಲಸ ಬೇಕು. ಅಲ್ಲಿ ಸುಮ್ಮನ ಕೂಡಿಸಬ್ಯಾಡ್ರಿ. ನಾನು ಮೊದಲು ಫರಸಿ ಕಲ್ಲಿನ ಪಾಲಿಶ್ ಮಷೀನ್ ನಡಸ್ತಿದ್ದೆ. ಈಗ ಮಷೀನ್ ಬ್ಯಾಡ. ಬ್ಯಾಳಿ ಆರಿಸ್ತೀನಿ, ಗಿಡಕ್ಕ ನೀರು ಹಾಕ್ತೀನಿ, ಅಂಗಡಿಗೆ ಚೀಟಿ ಒಯ್ದು ಸಾಮಾನು ತರ್ತೀನಿ. ಚೀಟಿ ಇದ್ರ ಮರಿಯಂಗಿಲ್ಲ.

ಆಮ್ಯಾಲ ಖೋಲಿ. ಒಂದು ಖೋಲಿದಾಗ ಇಬ್ಬರಿಗಿಂತ ಹೆಚ್ಚು ಬ್ಯಾಡ. ಒಳಗಿನಿಂದ ಹಾಕಿಕೊಳ್ಳೋ ಕೊಂಡಿ ಬೇಕು. ನನಗ 29 ವರ್ಷ. ಸಣ್ಣ ಕೂಸಿನಂಗ "ಪುಟ್ಟಾ ಊಟ ಮಾಡು" ಅನ್ನಬ್ಯಾಡ್ರಿ.

ಸುರಪುರದಾಕಿ:

ತಮ್ಮಾ, ಭಾಳ ಚಲೋ ಬರದೀ. ನನ್ನ ಗಂಡನೂ ಮಿಕ್ಸರ್ ಹಾಕಿದಾಗಲೇ ಚೀರ್ತಾನ. ಇಷ್ಟು ದಿನ ನನ್ನ ಮ್ಯಾಲಿನ ಸಿಟ್ಟು ಅನ್ಕೊಂಡಿದ್ದೆ. ನಾಳಿಂದ ಅವ ಹೊರಗ ಕಟ್ಟಿ ಮ್ಯಾಲ ಕುಂತಾಗ ಹಾಕ್ತೀನಿ.

ಬೀದರ್ ಸಿಸ್ಟರ್:

ತಮ್ಮ ಹೇಳಿದ್ದರ ಮ್ಯಾಲೇ ಮನಿ ಕಟ್ಟಬೇಕು. ನಾನು ಕೂಡಿಸೋದು ಇಷ್ಟು.

ಗೋಡಿಗೆ ದೊಡ್ಡ ಬೋರ್ಡ್ ಇರ್ಲಿ, ಅದರ ಮ್ಯಾಲ ಇವತ್ತಿನ ವಾರ, ದಿನಾಂಕ, ಯಾವ ಹೊತ್ತಿಗೆ ಏನು. ಓದಲಾಕ ಬರದವರಿಗೆ ಚಿತ್ರ. ತಾಟು, ಟಾವೆಲ್ಲು, ಚಪ್ಪಲಿ ದಿನಾ ಅದೇ ಜಾಗದಾಗ. ಒಂದು ಸಲಕ್ಕ ಒಂದೇ ಮಾತು ಹೇಳ್ರಿ. "ಎದ್ದು ಮುಖ ತೊಳಕೊಂಡು ಚಾ ಕುಡಿ" ಅಂದ್ರ ಮೂರು ಮಾತು. "ಏಳು" ಅನ್ರಿ, ಕಾಯ್ರಿ. ಕಾಯೋದೇ ಕಷ್ಟದ ಕೆಲಸ. ಎಲ್ಲರೂ ಅಲ್ಲೇ ಸೋಲ್ತಾರ, ತಾವೇ ಮುಖ ತೊಳದು ಬಿಡ್ತಾರ.

ಮಧ್ಯಾಹ್ನ ಊಟ ಆದ ಮ್ಯಾಲ ಮಲಗಲಾಕ ಬಿಡ್ರಿ. ಪೆಟ್ಟಾದ ಮೆದುಳು ಲಗೂ ದಣೀತದ, ದಣಿದ ಮ್ಯಾಲಿನ ಸಿಟ್ಟಿಗೆ ಬುದ್ಧಿವಾದ ಹತ್ತಂಗಿಲ್ಲ. ನಮ್ಮ ಬ್ಯಾಸಿಗಿ ಬ್ಯಾರೆ, ಮೇ ತಿಂಗಳಾಗ 43 ಡಿಗ್ರಿ ಮ್ಯಾಲ ಹೋಗ್ತದ. ನಿದ್ದಿ ಕೆಟ್ರ, ನೀರು ಕಮ್ಮಿ ಆದ್ರ ಫಿಟ್ಸ್ ಬರೋ ಸಂಭವ ಹೆಚ್ಚು. ಆದ್ದರಿಂದ ಕೂಲರ್ ಖರ್ಚು ಐಷಾರಾಮ ಅಂತ ಯಾರೂ ಅನ್ನಬ್ಯಾಡ್ರಿ. ನುಂಗಲಾಕ ತ್ರಾಸ ಇದ್ದವರಿಗೆ ಒಣ ರೊಟ್ಟಿ ಕೊಡಬ್ಯಾಡ್ರಿ, ಬ್ಯಾಳಿಯಾಗ ಮೆತ್ತಗ ನೆನೆಸಿ, ನೆಟ್ಟಗ ಕೂಡಿಸಿ ಉಣಿಸ್ರಿ. ಮಲಗಿಸಿ ನೀರು ಕುಡಿಸಿದ್ರ ಪುಪ್ಪುಸಕ್ಕ ಹೋಗ್ತದ.

ಫಿಟ್ಸ್ ಬಂದಾಗ ಕೈಯಾಗ ಕಬ್ಬಿಣ ಕೊಡೋದು, ಚಪ್ಪಲಿ ಮೂಸಿಸೋದು, ಬಾಯಾಗ ಚಮಚ ತುರುಕೋದು ಯಾವುದೂ ಬ್ಯಾಡ. ಒಂದು ಮಗ್ಗಲಕ್ಕ ಹೊಳ್ಳಿಸಿ ಮಲಗಿಸ್ರಿ, ತಲಿ ಕೆಳಗ ಮೆತ್ತನ ಅರಿವಿ, ಗಡಿಯಾರ ನೋಡ್ರಿ. ಐದು ನಿಮಿಷ ದಾಟಿದ್ರ 108ಕ್ಕ ಫೋನ್. ಮನಿ ನಡಸೋ ಗಂಡ ಹೆಂಡತಿಗೆ ಇಷ್ಟು ಕಲಿಸಲಾಕ ನಾನು ಬರ್ತೀನಿ, ಪಗಾರ ಬ್ಯಾಡ. ಬಸ್ ಹಚ್ಚಿಕೊಂಡು ಬರೋದು ನನ್ನ ಜವಾಬ್ದಾರಿ.

ಬೆಂಗಳೂರಿನ ನಿಮ್ಹಾನ್ಸ್‌ನಾಗ ನರ ಪುನರ್ವಸತಿದೇ ವಿಭಾಗ ಅದ. ಒಮ್ಮೆ ಅಲ್ಲಿ ತೋರಿಸಿ, ದಿನಚರಿ ಹ್ಯಾಂಗಿರಬೇಕು ಅಂತ ಬರಸಿಕೊಂಡು ಬಂದ್ರ ಇಲ್ಲಿ ನಡಸಲಾಕ ಸುಲಭ. ಮನೋವೈದ್ಯರ ಸಲಹಾ ಬೇಕಾದ್ರ ಸರ್ಕಾರದ ಸಹಾಯವಾಣಿ ಟೆಲಿಮಾನಸ್ 14416ಕ್ಕ ಕನ್ನಡದಾಗೇ ಫೋನ್ ಮಾಡ್ರಿ.

ದಾಲ್ ಮಿಲ್ ಗುಮಾಸ್ತ:

ರೊಕ್ಕದ ಮಾತು ಯಾರೂ ತಗದಿಲ್ಲ, ನಾನು ತಗೀತೀನಿ. ಕಲಬುರಗಿ ಹೊರವಲಯದಾಗ ಮನಿ ಹಿಡಿದ್ರ ಅಂತ ನನ್ನ ಅಂದಾಜು. ಬಾಡಿಗಿ 12,000. ಮನಿಯಾಗೇ ಇರೋ ಗಂಡ ಹೆಂಡತಿ ಪಗಾರ 25,000. ರಾತ್ರಿ ಆಳು 12,000. ಕಿರಾಣಿ, ಹಾಲು, ಕಾಯಿಪಲ್ಯ, ಗ್ಯಾಸ್ 15,000. ಫಿಸಿಯೋ, ದವಾಖಾನಿ ಓಡಾಟ 8,000. ಕರೆಂಟ್, ರಿಪೇರಿ 4,000. ಒಟ್ಟು 76,000. ಐದು ಮಂದಿ ಇದ್ರ ಒಬ್ಬರಿಗೆ 15,200. ಒಬ್ಬರು ಬಿಟ್ಟು ಹೋಗಿ ನಾಕು ಮಂದಿ ಆದ್ರ 19,000. ಅಂದ್ರ ಒಂದು ಹಾಸಿಗಿ ಖಾಲಿ ಆದ್ರ ಎಲ್ಲರ ಮ್ಯಾಲೂ ಭಾರ. ಮೊದಲೇ ಆರು ತಿಂಗಳ ಖರ್ಚು ಕೂಡಿಸಿ ಇಡದೇ ಬಾಗಿಲು ತಗಿಬ್ಯಾಡ್ರಿ. ಮತ್ತ ಆ ಗಂಡ ಹೆಂಡತಿಗೆ ವಾರಕ್ಕ ಒಂದು ದಿನ ಸೂಟಿ ಕೊಡ್ಲೇಬೇಕು. ಇಲ್ಲಂದ್ರ ವರ್ಷದೊಳಗ ಓಡಿ ಹೋಗ್ತಾರ.

ಸುರಪುರದ ತಂಗಿ ಅಂಥವರಿಂದ 15,000 ಆಗಲ್ಲ. ಪರಿಹಾರದ ರೊಕ್ಕ ಬಂದವರು ಮೂವರು, ಬರದವರು ಇಬ್ಬರು, ಹಿಂಗ ಕೂಡಿಸಿ ಉಳಿದದ್ದನ್ನ ಊರ ದಾನಿಗಳಿಂದ ತುಂಬಬೇಕು. ತೊಗರಿ ಬ್ಯಾಳಿ ನಮ್ಮ ಮಾಲಕರಿಂದ ವರ್ಷಪೂರ್ತಿ ಕೊಡಸ್ತೀನಿ. ಅವರ ಬಲ್ಲಿ ಕೇಳೀನಿ, ಹೂಂ ಅಂದಾರ.

ಚಿಂಚೋಳಿ ಕಾಕಾ:

ಸುರಪುರದ ತಂಗೆಮ್ಮ ಬರೆದದ್ದು ಎರಡು ಸಲ ಓದಿದೆ. ಕೊಂಡಿ ಹಾಕಿದ ಖೋಲಿಗಿಂತ ನೀವು ಹೇಳೋ ಮನಿ ಚಲೋ, ಒಪ್ಪಿದೆ. ಉಳಿದದ್ದು ಇನ್ನಾ ಒಪ್ಪಿಲ್ಲ. ಬೆಂಗಳೂರು, ಹೈದರಾಬಾದಿನಾಗ ಇಂಥ ಮನಿ ಮಾಡಿದ್ರ ಮಂದಿ ಕಳಿಸಿ ಮರೀತಾರ. ಇಲ್ಲೇ, ಮುಂಜಾನಿ ಬಸ್ ಹತ್ತಿ ಸಂಜಿಗೆ ಹೊಳ್ಳಿ ಬರೋವಷ್ಟು ದೂರದಾಗ ಇರಬೇಕು. ತಿಂಗಳದಾಗ ಇಷ್ಟು ಸಲ ಮನಿಯವರು ಬರ್ಲೇಬೇಕು ಅಂತ ಬರಸಿಕೊಳ್ರಿ. ಬರದಿದ್ರ ಊರಿನ ಹಿರಿಯರಿಗೆ ತಿಳಿಸ್ರಿ. ಎಳ್ಳಮವಾಸಿಗೆ, ಯುಗಾದಿಗೆ, ಊರ ಜಾತ್ರಿಗೆ ಅವ ತನ್ನ ಹೊಲದಾಗ, ತನ್ನ ಮನಿಯಾಗ ಉಣ್ಣಬೇಕು. ಜ್ವಾಳ ನನ್ನ ಕಡಿಂದ ಬರ್ತದ.

ಕೋರ್ಟ್ ರಸ್ತೆ ವಕೀಲ:

ಕಾಕಾ ಅವರ ಷರತ್ತನ್ನು ಒಪ್ಪಂದದಲ್ಲೇ ಬರೆಯೋಣ. ಇನ್ನೊಂದು ಎಚ್ಚರ. ಸಂಬಂಧಿಕರು, ಸ್ನೇಹಿತರು ತಮ್ಮ ಮನೆಯಲ್ಲೇ ಇಟ್ಟುಕೊಂಡರೆ ಅದು ಮಾನಸಿಕ ಆರೋಗ್ಯ ಸಂಸ್ಥೆ ಎನಿಸುವುದಿಲ್ಲ. ಹಣ ಪಡೆದು ಹೊರಗಿನವರನ್ನು ಇಟ್ಟುಕೊಳ್ಳುವಾಗ ನೋಂದಣಿ ಬೇಕು. 2016ರ ಕಾಯ್ದೆಯ 50ನೇ ಕಲಂ ಪ್ರಕಾರ ನೋಂದಣಿ ಪ್ರಮಾಣಪತ್ರವಿಲ್ಲದೆ ಅಂಗವಿಕಲರ ಸಂಸ್ಥೆ ನಡೆಸುವಂತಿಲ್ಲ. ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಾಯಿಸಿದರೆ ಅದೇ ಸಾಕಾಗುತ್ತದೆ. ಯಾವ ದಾರಿ ಎಂದು ಮೊದಲೇ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯನ್ನು ಕಂಡು ಬರಹದಲ್ಲಿ ಕೇಳೋಣ. ಒಳ್ಳೆಯ ಉದ್ದೇಶದಿಂದ ಶುರು ಮಾಡಿ ನಡುವೆ ಬೀಗ ಬಿದ್ದರೆ ಆ ಐವರು ಬೀದಿಗೆ ಬರುತ್ತಾರೆ.

ಹಳ್ಳಿಗಳಲ್ಲಿರುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಂದ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿಸಿ. ವೈಕಲ್ಯದ ಪ್ರಮಾಣ ಶೇ 40ಕ್ಕಿಂತ ಕಡಿಮೆ ಬರೆದರೆ ಪಿಂಚಣಿ ಸಿಗುವುದಿಲ್ಲ. ತಪಾಸಣೆಗೆ ಹೋಗುವಾಗ ರೋಗಿಯನ್ನು ಸಿಂಗರಿಸಿ "ಎಲ್ಲಾ ಮಾಡ್ತಾನ" ಎನ್ನಬೇಡಿ. ಮಾಡಲಾಗದ್ದನ್ನು ಒಂದೊಂದಾಗಿ ಬರೆದು ಕೊಡಿ.

ಹುಮನಾಬಾದ್ ಮನಿ:

ನಮಸ್ಕಾರ. ನಾನು ಓದೋದು ಅಷ್ಟೇ, ಬರಿಯೋಕಿ ಅಲ್ಲ. ನಮ್ಮ ಮಾವನವರ ಹಳಿ ಮನಿ ಕಲಬುರಗಿ ಸೇಡಂ ರಸ್ತೆ ಕಡಿ ಖಾಲಿ ಅದ. ಕೆಳಗೇ ಮೂರು ಖೋಲಿ, ಪಡಸಾಲಿ, ಹಿತ್ತಲದಾಗ ಬೇವಿನ ಗಿಡ, ಬೋರ್ ನೀರು. ಮಕ್ಕಳು ಹೊರದೇಶದಾಗ. ಮಾರೋದು ಸದ್ಯಕ್ಕಿಲ್ಲ. ಬಾಡಿಗಿ ಗುಮಾಸ್ತರು ಬರೆದದ್ದರಾಗ ಅರ್ಧ ಕೊಡ್ರಿ. ಓಣಿ ಮಂದಿ ಏನಂತಾರೋ ಗೊತ್ತಿಲ್ಲ, ಅದನ್ನ ನೀವೇ ಮಾತಾಡಬೇಕು.

ಬೀದರ್ ಸಿಸ್ಟರ್:

ಬಾಯಿ, ನಿಮಗ ಪುಣ್ಯ ಬರ್ಲಿ. ಪಾಯಖಾನಿ ಕಮೋಡಿಂದಾ, ಕೂಡೋದಾ? ಬಾಗಿಲು ಎಷ್ಟು ಅಗಲ? ಗಾಲಿ ಕುರ್ಚಿ ಹೋಗಬೇಕು. ಬಾತ್‌ರೂಮ್ ಬಾಗಿಲು ಹೊರಗ ತಗಿಯೋ ಹಂಗ ಬದಲಿ ಮಾಡಿಸಬೇಕಾಗ್ತದ. ಒಳಗ ಬಿದ್ದ ಮನುಷ್ಯ ಬಾಗಿಲಿಗೆ ಅಡ್ಡ ಆದ್ರ ತಗಿಲಾಕ ಬರಲ್ಲ. ಖೋಲಿಗೆ ತಮ್ಮ ಕೇಳಿದ ಒಳಗಿನ ಕೊಂಡಿ ಇರ್ಲಿ, ಆದ್ರ ಹೊರಗಿನಿಂದಲೂ ಬಿಚ್ಚಲಾಕ ಬರೋವಂಥದು ಹಾಕಸೋಣ.

ರೋಜಾ ಬಡಾವಣೆ ಭಾಯ್:

ಓಣಿ ಮಂದಿ ಬಲ್ಲಿ ಮಾತಾಡ್ಲಾಕ ನಾನೂ ಕಾಕಾನೂ ಕೂಡಿ ಹೋಗ್ತೀವಿ. ಮುಚ್ಚಿಡೋದು ಬ್ಯಾಡ. ಮೊದಲೇ ಕರದು ಚಾ ಕುಡಿಸಿ, "ಇವರು ಇರ್ತಾರ, ಇಂಥ ತ್ರಾಸ ಇರ್ತದ, ಏನಾದ್ರೂ ಆದ್ರ ಈ ನಂಬರ್‌ಗೆ ಹಚ್ರಿ" ಅಂತ ಹೇಳಿದ್ರ ಅರ್ಧ ಭಯ ಹೋಗ್ತದ.

ಆಳಂದ ರಸ್ತೆ ಅಕ್ಕ:

ಇಷ್ಟು ಮಂದಿ ಬರೀತೀರಿ ಅಂತ ಅನ್ಕೊಂಡಿರ್ಲಿಲ್ಲ. ಅವ್ವಗ ಎಲ್ಲಾ ಓದಿ ಹೇಳಿದೆ. ತಮ್ಮನೂ ಕೇಳ್ಕೋತ ಕುಂತಿದ್ದ. ಶಹಾಬಾದ್ ತಮ್ಮನ ಮಾತು ಬಂದಾಗ "ಇನ್ನೊಮ್ಮೆ ಓದು" ಅಂದ.

ಬರೋ ಭಾನುವಾರ ಮುಂಜಾನಿ ಸೇಡಂ ರಸ್ತೆ ಮನಿ ನೋಡಲಾಕ ಹೋಗೋಣ. ಬರೋರು ಡಿಸ್ಚಾರ್ಜ್ ಕಾಗದ, ಗುಳಿಗಿ ಚೀಟಿ, ಯುಡಿಐಡಿ ಇದ್ರ ಅದು ತರ್ರಿ. ಸಿಸ್ಟರ್ ಪ್ರತಿಯೊಬ್ಬರದೂ ನೋಡಿ ಯಾರಿಗೆ ಯಾರ ಕೂಡ ಹೊಂದತದ ಹೇಳ್ತಾರ. ಮೊದಲೇ ರಾತ್ರಿ ಇರಿಸೋದು ಬ್ಯಾಡ ಅಂತ ನನ್ನ ವಿಚಾರ. ಒಂದಿಷ್ಟು ವಾರ ಹಗಲು ಮಾತ್ರ, ಅಡಿಗಿ, ಊಟ, ಕೆಲಸ, ಸಂಜಿಗೆ ಮನಿಗೆ. ಒಗ್ಗಿದವರು ಆಮ್ಯಾಲ ಇರ್ಲಿ. ಯಾರಿಗಾದ್ರೂ ಇರೋ ಮನಸ್ಸಿಲ್ಲಂದ್ರ ಅವರ ಮಾತೇ ಕೊನೀದು.

ಜೇವರ್ಗಿ ಅವ್ವ:

ನೀವು ಎಲ್ಲರೂ ಗಂಡಸರ ಮಾತು ಆಡ್ಲಾಕತ್ತೀರಿ. ನನ್ನ ಮಗಳಿಗೆ 26. ಟಂಟಂ ಉರುಳಿ ತಲಿಗೆ ಪೆಟ್ಟಾಯ್ತು. ಗಂಡ ಬಿಟ್ಟು ಹೋದ. ಯಾರು ನಗತಾ ಮಾತಾಡಿಸಿದ್ರೂ ಅವರ ಹಿಂದ ಹೋಗ್ತಾಳ, ಒಳ್ಳೇದು ಕೆಟ್ಟದು ತಿಳಿಯಲ್ಲ. ನನಗ ರಾತ್ರಿ ನಿದ್ದಿ ಇಲ್ಲ. ಈ ಮನಿಯಾಗ ಆಕಿಗೆ ಜಾಗ ಅದನೇನ್ರಿ?

ಬೀದರ್ ಸಿಸ್ಟರ್:

ಅವ್ವಾ, ಈ ಮನಿಯಾಗ ಇಲ್ಲ, ಇರಬಾರದು. ಹೆಣ್ಮಕ್ಕಳ ಮನಿ ಬ್ಯಾರೇನೇ ಆಗಬೇಕು, ನಡಸೋರೂ ಹೆಣ್ಮಕ್ಕಳೇ ಇರಬೇಕು. ಒಳ್ಳೇದು ಕೆಟ್ಟದು ತಿಳಿಯದ ಆ ಲಕ್ಷಣನೂ ಪೆಟ್ಟಿನದೇ, ಆಕಿ ನಡತಿ ಅಲ್ಲ. ಯಾರಾದ್ರೂ ಹಂಗ ಅಂದ್ರ ನನ್ನ ಕೂಡ ಮಾತಾಡಿಸ್ರಿ. ಭಾನುವಾರ ಮಗಳನ್ನ ಕರ್ಕೊಂಡು ನೀವೂ ಬರ್ರಿ. ಹಗಲಿನ ಅಡಿಗಿ, ಕೆಲಸಕ್ಕ ನಾನಿದ್ದಾಗ ಆಕಿನೂ ಕೂಡಬಹುದು. ಇಂಥ ಹೆಣ್ಮಕ್ಕಳು ಮನಿಯಾಗ ಇರೋರು ಇದನ್ನ ಓದಿದ್ರ ಇಲ್ಲೇ ಬರೀರಿ, ಹೆಸರು ಬ್ಯಾಡ, ಊರು ವಯಸ್ಸು ಸಾಕು. ಎಷ್ಟು ಮಂದಿ ಅಂತ ತಿಳಿದ್ರ ಎರಡನೇ ಮನಿ ಹುಡುಕಲಾಕ ಶುರು ಮಾಡ್ತೀವಿ.

ಸುರಪುರದಾಕಿ:

ಶಹಾಪುರದಾಗ ಒಬ್ಬಾಕಿ ಗೊತ್ತು, 31 ವರ್ಷ. ಆಕಿ ತಾಯಿನ ಭಾನುವಾರ ನನ್ನ ಕೂಡ ಕರ್ಕೊಂಡು ಬರ್ತೀನಿ.